ಆಮ್ಲ ಬಿದ್ದಾಗ ಸುಣ್ಣಕಲ್ಲು ನೊರೆಯುವುದೇಕೆ?

ಸುಣ್ಣಕಲ್ಲಿನ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಹನಿಯೊಂದು ಬಿದ್ದೊಡನೆ ನೊರೆ ಏಳುತ್ತದೆ. ಕಿವಿಗೊಟ್ಟರೆ ಸಣ್ಣಗೆ ಬುಸುಗುಡುವ ಸದ್ದೂ ಕೇಳುತ್ತದೆ. ಗ್ರಾನೈಟ್ ಮೇಲೆ ಅದೇ ಹನಿ ಸುಮ್ಮನೆ ಕುಳಿತಿರುತ್ತದೆ. ಈ ವ್ಯತ್ಯಾಸ ಬಹು ಹಿಂದಿನಿಂದಲೂ ತಿಳಿದಿದ್ದೇ. ಆದರೆ ಗುಳ್ಳೆಯೊಳಗಿನ ಗಾಳಿ ಯಾವುದು, ಅದು ಆಮ್ಲದಿಂದ ಬಂದದ್ದೋ ಕಲ್ಲಿನಿಂದ ಬಂದದ್ದೋ ಎಂಬುದಕ್ಕೆ ಖಚಿತ ಉತ್ತರ ಸಿಕ್ಕಿದ್ದು 18ನೆಯ ಶತಮಾನದ ನಡುಭಾಗದಲ್ಲಿ, ಅದೂ ಮೂತ್ರಕೋಶದ ಕಲ್ಲನ್ನು ಕರಗಿಸುವ ಮದ್ದನ್ನು ಹುಡುಕಲು ಹೊರಟ ಒಬ್ಬ ವೈದ್ಯಕೀಯ ವಿದ್ಯಾರ್ಥಿಯಿಂದ.

ಅದಕ್ಕೂ ನೂರು ವರ್ಷ ಮೊದಲೇ ಫ್ಲಾಂಡರ್ಸಿನ (ಇಂದಿನ ಬೆಲ್ಜಿಯಂ ಭಾಗ) ವೈದ್ಯ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್, ಇದ್ದಿಲು ಸುಟ್ಟಾಗ ಮತ್ತು ದ್ರಾಕ್ಷಾರಸ ಹುಳಿತಾಗ ಹೊರಬರುವ ಅನಿಲವೊಂದನ್ನು ಗುರುತಿಸಿದ್ದನು. ಅದನ್ನು ಹಿಡಿದಿಟ್ಟು ತೂಗುವ ಉಪಾಯ ಮಾತ್ರ ಅವನ ಬಳಿ ಇರಲಿಲ್ಲ.

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 18ನೆಯ ಶತಮಾನದ ಆ ದಿನಗಳಲ್ಲಿ ಸುಣ್ಣದ ತಿಳಿನೀರನ್ನು ಮೂತ್ರಕೋಶದ ಕಲ್ಲಿಗೆ ಔಷಧಿಯಾಗಿ ಕೊಡುತ್ತಿದ್ದರು. ಸಿಂಪಿ ಸುಟ್ಟು ಮಾಡಿದ ಸುಣ್ಣ ಮೇಲೋ, ಕಲ್ಲು ಸುಟ್ಟು ಮಾಡಿದ್ದು ಮೇಲೋ ಎಂದು ಇಬ್ಬರು ಪ್ರಾಧ್ಯಾಪಕರ ನಡುವೆ ವಾದ ನಡೆದಿತ್ತು. ಆ ಜಗಳದಿಂದ ದೂರವಿರಲು ನಮ್ಮ ವೈದ್ಯಕೀಯ ವಿದ್ಯಾರ್ಥಿ ಜೋಸೆಫ್ ಬ್ಲ್ಯಾಕ್ ತನ್ನ ಅಧ್ಯಯನಕ್ಕೆ ಮೆಗ್ನೀಷಿಯಾ ಆಲ್ಬಾ ಎಂಬ ಬಿಳಿಯ ಪುಡಿಯನ್ನು ಆರಿಸಿಕೊಂಡನು. ಇಂದಿನ ಭಾಷೆಯಲ್ಲಿ ಅದು ಮೆಗ್ನೀಷಿಯಂ ಕಾರ್ಬೊನೇಟ್. ಅದನ್ನು ಕಾಯಿಸಿದಾಗ ತೂಕ ಬಹಳಷ್ಟು ಇಳಿಯಿತು, ಉಳಿದ ಪುಡಿ ಆಮ್ಲದಲ್ಲಿ ನೊರೆಯಿಲ್ಲದೆ ಕರಗಿತು. ನೊರೆಗೆ ಕಾರಣವಾದದ್ದೂ ಕಾಯಿಸಿದಾಗ ಕಳೆದುಹೋದದ್ದೂ ಒಂದೇ ಇರಬೇಕೆಂದು ಅವನು ತರ್ಕಿಸಿದನು.

ಸೀಮೆಸುಣ್ಣದ ಮೇಲೆ ಅವನು ನಡೆಸಿದ ಪ್ರಯೋಗ ನನಗೆ ಇಡೀ ಕಥೆಯಲ್ಲಿ ಅತ್ಯಂತ ಸುಂದರವಾಗಿ ಕಾಣುತ್ತದೆ. 120 ಗ್ರೇನ್ (ಗ್ರೇನ್ ಎಂದರೆ ಅಂದಿನ ಒಂದು ಸಣ್ಣ ತೂಕದ ಅಳತೆ) ಸೀಮೆಸುಣ್ಣವನ್ನು ಚೆನ್ನಾಗಿ ಸುಟ್ಟಾಗ 68 ಗ್ರೇನ್ ಸುಟ್ಟಸುಣ್ಣ ಉಳಿಯಿತು. ಅದನ್ನು ಪುಡಿಮಾಡಿ ಕ್ಷಾರ ಲವಣದ (ಇದೂ ಒಂದು ಕಾರ್ಬೊನೇಟ್) ದ್ರಾವಣದಲ್ಲಿ ನೆನೆಸಿ, ತೊಳೆದು ಒಣಗಿಸಿದಾಗ ತೂಕ 118 ಗ್ರೇನ್‌ಗೆ ಏರಿತು. ಕೈಗೆ ಬಂದದ್ದು ಮೊದಲಿನಂಥದೇ ಸೀಮೆಸುಣ್ಣ. ಬೆಂಕಿ ಹೊರಗಟ್ಟಿದ ಗಾಳಿಯನ್ನು ಸುಣ್ಣವು ಲವಣದಿಂದ ಮರಳಿ ಪಡೆದಿತ್ತು. ಸುಟ್ಟಸುಣ್ಣದ ಸುಡುವ ಗುಣ ಬೆಂಕಿಯ ಕಣಗಳು ಒಳಹೊಕ್ಕಿದ್ದರಿಂದ ಬಂದದ್ದೆಂಬ ಅಂದಿನ ನಂಬಿಕೆಗೆ ಆ ತಕ್ಕಡಿಯ ಮುಂದೆ ಆಧಾರ ಉಳಿಯಲಿಲ್ಲ, ಏಕೆಂದರೆ ಏನಾದರೂ ಒಳಹೊಕ್ಕಿದ್ದರೆ ತೂಕ ಹೆಚ್ಚಬೇಕಿತ್ತೇ ಹೊರತು ಇಳಿಯಬಾರದಿತ್ತು. 1756ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಬ್ಲ್ಯಾಕ್ ಹೀಗೆ ಹೊರಬಂದ ಗಾಳಿಯನ್ನು 'ಸ್ಥಿರ ಗಾಳಿ' ಎಂದು ಕರೆದನು. ಗಟ್ಟಿ ವಸ್ತುವಿನ ರಚನೆಯಲ್ಲೇ ಅನಿಲವೊಂದು ಪಾಲುದಾರನಾಗಿರಬಲ್ಲದು ಎಂಬುದು ರಸಾಯನಶಾಸ್ತ್ರಕ್ಕೆ ಹೊಸ ತಿಳಿವಳಿಕೆಯಾಗಿತ್ತು. ಆ ಅನಿಲ ಇಂಗಾಲ ಮತ್ತು ಆಮ್ಲಜನಕಗಳ ಸಂಯುಕ್ತವೆಂದು ಮುಂದೆ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೆ ತೋರಿಸಿದನು.

ಸುಣ್ಣಕಲ್ಲಿನ ಮುಖ್ಯ ಖನಿಜ ಕ್ಯಾಲ್ಸೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲದ ಹೈಡ್ರೋಜನ್ ಅಯಾನುಗಳು (ವಿದ್ಯುದಂಶ ಹೊತ್ತ ಕಣಗಳು) ಕಲ್ಲಿನ ಮೇಲ್ಮೈಯ ಕಾರ್ಬೊನೇಟ್ ಅಯಾನನ್ನು ಸೇರಿ ಮೊದಲು ಬೈಕಾರ್ಬೊನೇಟನ್ನು, ಬಳಿಕ ಕಾರ್ಬೊನಿಕ್ ಆಮ್ಲವನ್ನು ಉಂಟುಮಾಡುತ್ತವೆ. ಈ ಕಾರ್ಬೊನಿಕ್ ಆಮ್ಲ ಸ್ಥಿರವಾಗಿ ಉಳಿಯದೆ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. 100 ಗ್ರಾಂ ಶುದ್ಧ ಕ್ಯಾಲ್ಸೈಟ್ ಪೂರ್ತಿ ಕರಗಿದರೆ 44 ಗ್ರಾಂ ಅನಿಲ ಬಿಡುಗಡೆಯಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸುಮಾರು 24 ಲೀಟರು. ಒಂದು ಲೀಟರ್ ನೀರು ಕರಗಿಸಿಕೊಳ್ಳಬಲ್ಲದ್ದು ಒಂದೂವರೆ ಗ್ರಾಂ ಮಾತ್ರ. ಮಿಕ್ಕದ್ದಕ್ಕೆ ಗುಳ್ಳೆಯಾಗಿ ಹೊರಬೀಳುವುದೊಂದೇ ದಾರಿ. ಹೀಗಾಗಿ ಅನಿಲ ಹುಟ್ಟುವ ವೇಗವು ಅದು ನೀರಿನಲ್ಲಿ ಕರಗಿ ಹರಡುವ ವೇಗವನ್ನು ಮೀರಿದಾಗಲೇ ನಮ್ಮ ಕಣ್ಣಿಗೆ ನೊರೆ ಕಾಣುತ್ತದೆ. ಆದ್ದರಿಂದ ನೊರೆ ಬರಲಿಲ್ಲ ಎಂದಮಾತ್ರಕ್ಕೆ ಕಲ್ಲಿನಲ್ಲಿ ಕಾರ್ಬೊನೇಟ್ ಇಲ್ಲವೆನ್ನಲು ಬಾರದು.

ಇದಕ್ಕೆ ದೊಡ್ಡ ಸಾಕ್ಷಿ ಡಾಲೊಮೈಟ್. ಆಲ್ಪ್ಸ್ ಸೀಮೆಯಲ್ಲಿ ಸಿಕ್ಕ, ನೋಡಲು ಸುಣ್ಣಕಲ್ಲಿನಂತಿದ್ದರೂ ಆಮ್ಲಕ್ಕೆ ಬಲು ಮಂದವಾಗಿ ಸ್ಪಂದಿಸುವ ಕಲ್ಲನ್ನು ಫ್ರಾನ್ಸಿನ ಭೂವಿಜ್ಞಾನಿ ದೇಯೊದಾ ದ ದೊಲೊಮಿಯೊ 1791ರಲ್ಲಿ ವರ್ಣಿಸಿದನು. ಮರುವರ್ಷ ಅದಕ್ಕೆ ಅವನ ಹೆಸರೇ ಬಂತು. ಅದರಲ್ಲಿ ಕ್ಯಾಲ್ಸಿಯಂ ಜೊತೆಗೆ ಮೆಗ್ನೀಷಿಯಂ ಇದೆ. ಗಾತ್ರದಲ್ಲಿ ಚಿಕ್ಕದಾದ ಮೆಗ್ನೀಷಿಯಂ ಅಯಾನು ಸುತ್ತಲಿನ ನೀರಿನ ಅಣುಗಳನ್ನು ಬಿಗಿಯಾಗಿ ಹಿಡಿದಿರುವುದರಿಂದ ಮೇಲ್ಮೈಯನ್ನು ಬಿಟ್ಟು ಹೋಗಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಕಲ್ಲು ನಿಧಾನವಾಗಿ ಕರಗುತ್ತದೆ. ಸಲ್ಫ್ಯೂರಿಕ್ ಆಮ್ಲದಲ್ಲಿ ಅಡ್ಡಿ ಬೇರೆ ಬಗೆಯದು: ಕ್ಯಾಲ್ಸೈಟಿನಿಂದಲೇ ಆದ ಅಮೃತಶಿಲೆಯ ತುಂಡು ಮೊದಲು ಜೋರಾಗಿ ನೊರೆದರೂ, ಅದರ ಮೇಲೆ ಜಿಪ್ಸಂ (ನೀರಿನಲ್ಲಿ ಅಷ್ಟಾಗಿ ಕರಗದ ಕ್ಯಾಲ್ಸಿಯಂ ಸಲ್ಫೇಟ್) ಪದರ ಕಟ್ಟಿಕೊಂಡು ಆಮ್ಲ ಒಳಹೋಗದಂತೆ ತಡೆಯುವುದರಿಂದ ಸ್ವಲ್ಪದರಲ್ಲೇ ನೊರೆ ಅಡಗುತ್ತದೆ.

ಕರ್ನಾಟಕದಲ್ಲಿ ಈ ಅರಿವು ಪ್ರತಿನಿತ್ಯದ ಬಳಕೆಯದು. ಭೀಮಾ ತೀರದ ಶಹಾಬಾದ್ ಕಲ್ಲು ಸುಣ್ಣಕಲ್ಲೇ ಆದ್ದರಿಂದ, ಅದನ್ನು ಹಾಸಿದ ನೆಲದ ಮೇಲೆ ನಿಂಬೆರಸವೋ ಶೌಚಾಲಯ ತೊಳೆಯುವ ಆಸಿಡ್ಡೋ ಚೆಲ್ಲಿದರೆ ಹೊಳಪು ಹೋಗಿ ಕಲೆ ಉಳಿಯುತ್ತದೆ. ಬಾಗಲಕೋಟೆ ಸುತ್ತಲಿನ ಕಲಾದಗಿ ಶಿಲಾಶ್ರೇಣಿಯಲ್ಲಿ ಸುಣ್ಣಕಲ್ಲೂ ಡಾಲೊಮೈಟೂ ಎರಡೂ ಇವೆ. ಅಂಥ ಕಡೆ ಭೂವಿಜ್ಞಾನಿಗಳು ಕಲ್ಲಿನ ಮೇಲೆ ಮೊದಲು ಒಂದು ಹನಿ ಬಿಡುತ್ತಾರೆ; ನೊರೆ ಏಳದಿದ್ದರೆ ಚಾಕುವಿನ ಮೊನೆಯಿಂದ ಕೆರೆದು, ಬಿದ್ದ ಪುಡಿಯ ಮೇಲೆ ಇನ್ನೊಂದು ಹನಿ ಹಾಕುತ್ತಾರೆ. ಪುಡಿಯಾದಾಗ ಆಮ್ಲಕ್ಕೆ ತಾಗುವ ಮೇಲ್ಮೈ ಹಲವು ಪಟ್ಟು ಹೆಚ್ಚುವುದರಿಂದ, ಡಾಲೊಮೈಟ್ ಆಗಿದ್ದರೆ ಈ ಬಾರಿ ಸಣ್ಣ ಗುಳ್ಳೆಗಳು ಕಾಣಿಸಿಕೊಳ್ಳುತ್ತವೆ.