ದೀಕ್ಷಾಸ್ನಾನ, ಪರಮಪ್ರಸಾದ: ಹಾಗೆಂದರೇನು?

ದೀಕ್ಷಾಸ್ನಾನವೆಂದರೆ ನೀರಿನ ಮೂಲಕ ಕ್ರಿಸ್ತನ ಸಭೆಗೆ, ಅಂದರೆ ಕ್ರೈಸ್ತ ಸಮುದಾಯಕ್ಕೆ, ಸೇರುವ ಸಂಸ್ಕಾರ. ಹಳಬರು ಇದನ್ನು ಜ್ಞಾನಸ್ನಾನ ಎನ್ನುವುದೂ ಉಂಟು. ಜೀವಮಾನಕ್ಕೆ ಒಂದೇ ಸಲ. ಯೇಸು ಕೊನೆಯ ಊಟದಲ್ಲಿ ಶಿಷ್ಯರಿಗೆ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಕೊಟ್ಟು ‘ನನ್ನ ನೆನಪಿಗಾಗಿ ಇದನ್ನು ಮಾಡಿರಿ’ ಎಂದದ್ದನ್ನು ಸಭೆ ಇಂದಿಗೂ ನಡೆಸುತ್ತಿದೆ. ಕಥೋಲಿಕರು ಅದನ್ನು ಪರಮಪ್ರಸಾದ ಎಂದರೆ, ಸಿಎಸ್‌ಐ (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟಂಟ್ ಪಂಗಡ) ಸಭೆಗಳಲ್ಲಿ ಕರ್ತನ ಭೋಜನ ಎನ್ನುತ್ತಾರೆ. ಇದು ಸಾಯುವವರೆಗೂ ಮತ್ತೆ ಮತ್ತೆ.

ದೀಕ್ಷಾಸ್ನಾನಕ್ಕೆ ಬೇಕಾದದ್ದು ನೀರು ಮತ್ತು ಮಾತು. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಂಥ ಕಥೋಲಿಕ ಚರ್ಚುಗಳಲ್ಲಿ ಗುರುಗಳು ಮಗುವಿನ ಹೆಸರು ಹಿಡಿದು, ‘ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ’ ಎನ್ನುತ್ತಾ ತಲೆಯ ಮೇಲೆ ಮೂರು ಸಲ ನೀರು ಸುರಿಯುತ್ತಾರೆ. ನೀರು ಚರ್ಮಕ್ಕೆ ತಗುಲಿ ಹರಿಯಬೇಕು; ಕೂದಲಷ್ಟೇ ಒದ್ದೆಯಾದರೆ ಸಂದೇಹ ಉಳಿಯುತ್ತದೆ. ‘ನಾನು’ ಎಂಬಲ್ಲಿ ‘ನಾವು’ ಎಂದರೆ ದೀಕ್ಷಾಸ್ನಾನವೇ ಆಗುವುದಿಲ್ಲ ಎಂದು 2020ರಲ್ಲಿ ವ್ಯಾಟಿಕನ್ ಸ್ಪಷ್ಟಪಡಿಸಿತು. ಕೊಡುವವನು ಕ್ರಿಸ್ತನೇ, ಗುರುಗಳು ಅವನ ಪರವಾಗಿ ನಿಂತವರು. ನೆರೆದ ಜನ ಸೇರಿ ಕೊಡುವಂಥದ್ದಲ್ಲ. ಮಗು ಸಾವಿನಂಚಿನಲ್ಲಿದ್ದರೆ ಆಸ್ಪತ್ರೆಯ ನರ್ಸ್ ಕೂಡ, ಕ್ರೈಸ್ತರಲ್ಲದಿದ್ದರೂ, ಸಭೆ ಯಾವ ಉದ್ದೇಶದಿಂದ ಕೊಡುತ್ತದೋ ಅದೇ ಉದ್ದೇಶದಿಂದ ಇದೇ ನೀರು, ಇದೇ ಮಾತಿನಿಂದ ಕೊಡಬಹುದು.

ಬ್ಯಾಪ್ಟಿಸ್ಟ್, ಪೆಂತೆಕೋಸ್ತ್ ಸಭೆಗಳಲ್ಲಿ ಕೂಸುಗಳಿಗೆ ಕೊಡುವುದಿಲ್ಲ. ನಂಬಿಕೆಯನ್ನು ತನ್ನ ಬಾಯಿಂದಲೇ ಹೇಳಬಲ್ಲವರನ್ನು ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿ ಎತ್ತುತ್ತಾರೆ. ಮುಳುಗುವುದು ಕ್ರಿಸ್ತನೊಂದಿಗೆ ಸತ್ತು ಹೂಳಲ್ಪಡುವುದು, ಮೇಲೇಳುವುದು ಅವನೊಂದಿಗೆ ಹೊಸ ಬಾಳಿಗೆ ಏಳುವುದು. ಈ ಅರ್ಥ ಕಣ್ಣಿಗೆ ಕಟ್ಟುವುದು ಇಲ್ಲಿಯೇ.

ಎಡವಟ್ಟಾಗುವುದು ಹೆಚ್ಚಾಗಿ ಜ್ಞಾನ ತಂದೆ-ತಾಯಿಯ (ದೀಕ್ಷಾಸ್ನಾನದಲ್ಲಿ ಮಗುವಿನ ಪರ ನಿಂತು ಅದರ ನಂಬಿಕೆಗೆ ಆಸರೆಯಾಗುವವರು) ಆಯ್ಕೆಯಲ್ಲಿ. ಕಥೋಲಿಕರಲ್ಲಿ ಒಬ್ಬರಿದ್ದರೂ ಸಾಕು. ಆದರೆ ಅವರಿಗೆ 16 ತುಂಬಿರಬೇಕು, ದೃಢೀಕರಣ (ದೀಕ್ಷಾಸ್ನಾನ ಪಡೆದವರ ನಂಬಿಕೆಯನ್ನು ಗಟ್ಟಿಗೊಳಿಸುವ ಸಂಸ್ಕಾರ) ಆಗಿರಬೇಕು, ಹೆತ್ತವರಾಗಿರಬಾರದು. ಸಿಎಸ್‌ಐ ಗೆಳೆಯರು ಕಥೋಲಿಕರೊಬ್ಬರ ಜೊತೆಯಲ್ಲಿ ಸಾಕ್ಷಿಯಾಗಿ ಮಾತ್ರ ನಿಲ್ಲಬಹುದು. ಇನ್ನೊಂದು ತೊಡಕು ಮದುವೆ ಹೊತ್ತಿನದು. ದೃಢೀಕರಣ, ಮದುವೆಗಳನ್ನೆಲ್ಲ ದೀಕ್ಷಾಸ್ನಾನವಾದ ಚರ್ಚಿನ ದಾಖಲೆ ಪುಸ್ತಕದಲ್ಲೇ ಬರೆದಿಡುತ್ತಾರೆ. ಹಾಗಾಗಿ ಹಾಸನದಲ್ಲಿ ದೀಕ್ಷಾಸ್ನಾನ ಪಡೆದವರು ಬೆಂಗಳೂರಿನಲ್ಲಿ ಮದುವೆಯಾಗುವಾಗ ಬೀರುವಿನಲ್ಲಿಟ್ಟ ಹಳೆಯ ದೀಕ್ಷಾಸ್ನಾನದ ಪತ್ರ ನಡೆಯದು. ಹಾಸನದಿಂದ ಹೊಸದನ್ನೇ ತರಿಸಬೇಕು.

ಕಥೋಲಿಕರಲ್ಲಿ ಪರಮಪ್ರಸಾದದ ರೊಟ್ಟಿ ಗೋಧಿಯದೇ ಆಗಬೇಕು, ಹಿಟ್ಟು ಉಬ್ಬಿಸುವ ಹುಳಿ ಸೇರಿಸುವಂತಿಲ್ಲ. ರಾಗಿ, ಅಕ್ಕಿ ಸಲ್ಲವು. ಗೋಧಿ ಒಗ್ಗದವರು ದ್ರಾಕ್ಷಾರಸವನ್ನಷ್ಟೇ ಸ್ವೀಕರಿಸಬಹುದು, ಮೊದಲೇ ಗುರುಗಳಿಗೆ ತಿಳಿಸಿರಬೇಕು. ಸ್ವೀಕರಿಸುವ ಒಂದು ಗಂಟೆ ಮುಂಚಿನಿಂದ ನೀರು, ಔಷಧಿ ಬಿಟ್ಟು ಬೇರೇನೂ ಸೇವಿಸುವಂತಿಲ್ಲ. ರೊಟ್ಟಿ-ರಸ ನಿಜವಾಗಿಯೂ ಕ್ರಿಸ್ತನ ಶರೀರ-ರಕ್ತವಾಗುತ್ತವೆ ಎಂಬುದು ಕಥೋಲಿಕರ ನಂಬಿಕೆ. ಆದ್ದರಿಂದಲೇ ಉಳಿದ ಪ್ರಸಾದವನ್ನು ಪೆಟ್ಟಿಗೆಯಲ್ಲಿಟ್ಟು ಪಕ್ಕದಲ್ಲಿ ದೀಪ ಆರದಂತೆ ನೋಡಿಕೊಳ್ಳುತ್ತಾರೆ. ಬ್ಯಾಪ್ಟಿಸ್ಟರಂಥ ಅನೇಕ ಸಭೆಗಳಿಗೆ ಅದು ಕ್ರಿಸ್ತನ ಸಾವಿನ ಸ್ಮರಣೆ.

ಮದುವೆಗೆಂದು ಚರ್ಚಿಗೆ ಬಂದ ಬೇರೆ ಧರ್ಮದ ಗೆಳೆಯರು ಎಲ್ಲರಿಗೂ ಹಂಚುವ ಪ್ರಸಾದವೆಂದುಕೊಂಡು ಸಾಲಿನಲ್ಲಿ ನಿಲ್ಲುವುದುಂಟು. ಕೂತಲ್ಲೇ ಇದ್ದರೆ ಸಾಕು, ಯಾರೂ ತಪ್ಪು ತಿಳಿಯುವುದಿಲ್ಲ. ಸ್ವೀಕರಿಸುವವರು ಬಲಗೈ ಮೇಲೆ ಎಡಗೈ ಇಟ್ಟು ಚಾಚಿ, ‘ಆಮೆನ್’ ಎಂದು, ಅಲ್ಲಿಂದ ಕದಲುವ ಮುಂಚೆಯೇ ಬಾಯಿಗಿಡಬೇಕು. ಜೇಬಿಗೆ ಹಾಕಿಕೊಂಡು ಮನೆಗೊಯ್ಯುವುದು ಘೋರ ಅಪಚಾರ.