ಹರ್ಕ್ಯುಲೇನಿಯಂ: ಮೊದಲು ಚರಂಡಿ, ಆಮೇಲೆ ಅಗೆತ

ಪ್ರಾಚೀನ ತಾಣವೊಂದರ ಸಂಶೋಧನೆಗೆ ಒಂದು ಯೋಜನೆ, ಸಂರಕ್ಷಣೆಗೆ ಇನ್ನೊಂದು ಎಂದು ಬೇರೆ ಬೇರೆ ಪುಟಗಳಲ್ಲಿ ಬರೆದಿಟ್ಟುಕೊಂಡಿದ್ದೆ. ಇಟಲಿಯ ಪ್ರಾಚೀನ ರೋಮನ್ ಪಟ್ಟಣ ಹರ್ಕ್ಯುಲೇನಿಯಂ ಬಗ್ಗೆ ಓದಿದ ಮೇಲೆ ಆ ಎರಡು ಪುಟಗಳನ್ನೂ ಹರಿದು ಹಾಕಿದೆ. ಯಾಕೆ ಅಂತ ಇಲ್ಲಿ ಬರೆಯುತ್ತೇನೆ.

ಹಿನ್ನೆಲೆ ಚಿಕ್ಕದಾಗಿ: ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಈ ಪುಟ್ಟ ಪಟ್ಟಣ ಸುಮಾರು 20 ಮೀಟರ್ ಆಳಕ್ಕೆ ಹೂತುಹೋಯಿತು. ಮೇಲೆ ಬಿದ್ದ ಸುಡುಬೂದಿ ಗಟ್ಟಿಯಾಗಿ ಕಲ್ಲಾಯಿತು. ಹಾಗಾಗಿಯೇ ಮರದ ತೊಲೆ, ಬಾಗಿಲು, ಮಂಚಗಳು ಕೂಡ ಇದ್ದಿಲಾಗಿ ಉಳಿದಿವೆ. 1738ರಿಂದ ಸುರಂಗ ಕೊರೆದು ಪ್ರತಿಮೆಗಳನ್ನು ಎತ್ತಿಕೊಂಡು ಹೋದರು. ಬಯಲಿನಲ್ಲಿ ದೊಡ್ಡ ಉತ್ಖನನ ಮಾಡಿಸಿದ್ದು 1927ರಿಂದ ಪುರಾತತ್ತ್ವಜ್ಞ ಅಮೆದೆಯೊ ಮೈಯೂರಿ. ಅಗೆದಲ್ಲೇ ಗೋಡೆ ಕಟ್ಟಿ, ಸೂರು ಹೊದಿಸುತ್ತ ಹೋದದ್ದು ಅವರ ದೊಡ್ಡಗುಣ. ಆದರೆ ಬಳಸಿದ್ದು ಕಬ್ಬಿಣದ ಸರಳಿನ ಕಾಂಕ್ರೀಟು. ಸರಳು ತುಕ್ಕು ಹಿಡಿದು ಊದಿಕೊಂಡರೆ ಸುತ್ತಲಿನ ಕಾಂಕ್ರೀಟು ಸಿಡಿಯುತ್ತದೆ. ಆಮೇಲಿನ ದಶಕಗಳಲ್ಲಿ ದಿನನಿತ್ಯದ ನಿಗಾ ತಪ್ಪಿ, 20ನೇ ಶತಮಾನದ ಕೊನೆಗೆ ಪಟ್ಟಣ ಎರಡನೇ ಬಾರಿ ಸಾಯುವ ಸ್ಥಿತಿಗೆ ಬಂದಿತ್ತು.

2001ರಲ್ಲಿ ಇಟಲಿಯ ಪುರಾತತ್ತ್ವ ಇಲಾಖೆಯ ಜೊತೆ ಅಮೆರಿಕದ ದತ್ತಿಸಂಸ್ಥೆ ಪ್ಯಾಕರ್ಡ್ ಹ್ಯುಮ್ಯಾನಿಟೀಸ್ ಇನ್‌ಸ್ಟಿಟ್ಯೂಟ್ ಸೇರಿ ಸಂರಕ್ಷಣಾ ಯೋಜನೆ ಶುರುಮಾಡಿತು. ರೋಮಿನ ಬ್ರಿಟಿಷ್ ಸ್ಕೂಲ್ ಎಂಬ ಸಂಶೋಧನಾ ಸಂಸ್ಥೆ ಆಮೇಲೆ ಕೈಜೋಡಿಸಿತು. ಒಂದು ಚಂದದ ಮನೆ ಆರಿಸಿ ಅದರ ಭಿತ್ತಿಚಿತ್ರ ಸರಿಪಡಿಸಿದರೆ ಫೋಟೋಗೆ ಚೆನ್ನ, ಆದರೆ ಪಕ್ಕದ ಮನೆಯ ಸೂರು ಸೋರುತ್ತಿದ್ದರೆ ಆ ಚಿತ್ರ ಎಷ್ಟು ದಿನ ಬಾಳೀತು? ಇಡೀ ತಾಣಕ್ಕೆ ಕಾಯಿಲೆ ಏನೆಂದು ನೋಡಿದರೆ ಎಲ್ಲಕ್ಕೂ ಮೂಲ ನೀರು. ತಗ್ಗಿನಲ್ಲಿರುವ ಊರು, ಸುತ್ತ ಎತ್ತರದ ಗೋಡೆಯಂಥ ಕಡಿದಾದ ಅಂಚು, ಮಳೆನೀರಿಗೆ ಹೋಗಲು ದಾರಿಯಿಲ್ಲ. ಹೀಗಾಗಿ ಸೂರು, ಸೂರಿನ ನೀರಿಳಿಯುವ ದೋಣಿ, ಚರಂಡಿಯ ಕೆಲಸಕ್ಕೆ ಮೊದಲ ಸ್ಥಾನ. ಪಾರಿವಾಳಗಳ ಕಾಟಕ್ಕೆ ಗಿಡುಗ ಸಾಕುವವರನ್ನೂ ಕರೆಸಿದರು! ಹಿಕ್ಕೆಯ ಆಮ್ಲ ಚಿತ್ರಗಳನ್ನು ತಿನ್ನುತ್ತದೆ, ಆದ್ದರಿಂದ ಇದು ತಮಾಷೆಯ ಖರ್ಚಲ್ಲ.

ಈಗ ನನಗೆ ಅತಿ ಇಷ್ಟವಾದ ಭಾಗ. ಹೊಸ ಚರಂಡಿ ತೋಡಿದರೆ ಪ್ರಾಚೀನ ಸ್ತರಗಳಿಗೆ ಪೆಟ್ಟು. ಅದಕ್ಕೆ ರೋಮನ್ನರದೇ ಚರಂಡಿಗಳನ್ನು ಬಿಡಿಸಿ ಮತ್ತೆ ಬಳಸಲು ಹೊರಟರು. ಅಂಗಡಿ ಮತ್ತು ಬಾಡಿಗೆ ಮನೆಗಳಿದ್ದ ಒಂದು ಕಟ್ಟಡಸಾಲಿನ ಕೆಳಗಿನ ಕಾಲುವೆಯಲ್ಲಿ ಶೌಚದ, ಅಡುಗೆಮನೆಯ ಕಸ ಹಾಗೇ ಉಳಿದಿತ್ತು. ಕಸವೆಂದು ಎಸೆಯದೆ 700ಕ್ಕೂ ಹೆಚ್ಚು ಚೀಲಗಳಲ್ಲಿ ತುಂಬಿಟ್ಟು ಜರಡಿ ಹಿಡಿದಾಗ ಸಿಕ್ಕಿದ್ದು ಮೀನಿನ ಮುಳ್ಳು, ಮೊಟ್ಟೆಯ ಓಡು, ಅಂಜೂರದ ಬೀಜ, ಆಲಿವ್ ಬೀಜ. ಶ್ರೀಮಂತರ ಔತಣದ ವರ್ಣನೆಗಳು ಗ್ರಂಥಗಳಲ್ಲಿವೆ. ಬಾಡಿಗೆ ಮನೆಯವರು ಏನು ತಿನ್ನುತ್ತಿದ್ದರು ಎಂಬುದಕ್ಕೆ ಈ ಚೀಲಗಳೇ ಸಾಕ್ಷಿ. ಮಳೆನೀರಿಗೆ ದಾರಿ ಮಾಡಲು ಹೋದ ಕೆಲಸ ಇದು ಎಂಬುದನ್ನು ಮರೆಯಬೇಡಿ. ಯೋಜನೆಯಲ್ಲಿ ಜೀವಾವಶೇಷ ತಜ್ಞರಿಗೆ ಮೊದಲೇ ಜಾಗ ಇರದಿದ್ದರೆ ಅಷ್ಟೂ ಲಾರಿ ಹತ್ತಿ ಹೋಗುತ್ತಿತ್ತು.

ಅದೇ ಸ್ಫೋಟದಲ್ಲಿ ಹೂತುಹೋದ ನೆರೆಯ ಪಟ್ಟಣ ಪೊಂಪೇಯಿಯಲ್ಲೂ ಇದೇ ಪಾಠ, ಬೇರೆ ರೂಪದಲ್ಲಿ. ಅಲ್ಲಿ 66 ಹೆಕ್ಟೇರಿನಲ್ಲಿ ಮೂರನೇ ಒಂದು ಭಾಗ ಇನ್ನೂ ಅಗೆದಿಲ್ಲ. 2010ರ ನವೆಂಬರ್‌ನಲ್ಲಿ ಒಂದು ಕಟ್ಟಡ ಕುಸಿದು ದೊಡ್ಡ ಗದ್ದಲವಾದ ಮೇಲೆ ಬಂದ ಯೋಜನೆಯಲ್ಲಿ, ಅಗೆಯದ ಮಣ್ಣಿನ ಅಂಚನ್ನು ಇಳಿಜಾರು ಮಾಡುವುದೂ ಸೇರಿತ್ತು. ನೀರು ಕುಡಿದ ಮಣ್ಣು ಗೋಡೆಗಳನ್ನು ಹೊರಕ್ಕೆ ತಳ್ಳುತ್ತದಲ್ಲ, ಅದಕ್ಕೆ. ಹಾಗೆ ಅಂಚು ಸವರುತ್ತಿದ್ದಾಗ 2018ರಲ್ಲಿ ಗೋಡೆಯೊಂದರ ಮೇಲೆ ಇದ್ದಿಲಿನ ಬರಹ ಸಿಕ್ಕಿತು: ಅಕ್ಟೋಬರ್ 17ಕ್ಕೆ ಹೊಂದುವ ದಿನಾಂಕ. ಸ್ಫೋಟ ಆಗಸ್ಟ್ 24ರಂದು ಎಂದೇ ನಾವು ಓದಿದ್ದೆವು. ಬರಹ ಆ ವರ್ಷದ್ದೇ ಆದರೆ ಸ್ಫೋಟ ಅಕ್ಟೋಬರ್ 17ರ ನಂತರ ಆಗಿರಬೇಕು. ಆದರೆ ಬರಹದಲ್ಲಿ ವರ್ಷವಿಲ್ಲ, ಹಾಗಾಗಿ ವಾದ ಇನ್ನೂ ಮುಗಿದಿಲ್ಲ.