ಹುರಿ ಬಿಚ್ಚಿದಲ್ಲೇ ಗದ್ದಲ: ಕ್ರಾಸ್‌ಟಾಕ್ ಮತ್ತು ಸ್ಪ್ಲಿಟ್ ಪೇರ್

ನೆಟ್‌ವರ್ಕ್ ಕೇಬಲ್ ಟೆಸ್ಟರ್‌ನ ಎಂಟೂ ದೀಪ ಸಾಲಾಗಿ ಹೊತ್ತುತ್ತವೆ, ಆದರೂ ಗಿಗಾಬಿಟ್ ಲಿಂಕ್ ಸ್ಥಿರವಾಗಿ ಉಳಿಯುವುದಿಲ್ಲ. ಹೊಸದಾಗಿ ಕ್ರಿಂಪ್ ಮಾಡಿದ (ತುದಿಗೆ ಪ್ಲಗ್ ಒತ್ತಿ ಕೂರಿಸಿದ) ಕೇಬಲ್ ಆಗಿದ್ದರೆ ಮೊದಲು ಸ್ಪ್ಲಿಟ್ ಪೇರ್ ಇದೆಯೇ ನೋಡಿ, ಅಂದರೆ ಒಂದು ಸಿಗ್ನಲ್‌ನ ಎರಡು ತಂತಿಗಳು ಬೇರೆ ಬೇರೆ ಹುರಿಗೆ ಸೇರಿವೆಯೇ ಎಂದು.

ಕೇಬಲ್‌ನ ಎಂಟು ತಂತಿಗಳು ಎರಡೆರಡಾಗಿ ಹುರಿಗೊಂಡು ನಾಲ್ಕು ಜೋಡಿಗಳಾಗಿರುತ್ತವೆ. ಒಂದು ಜೋಡಿಯ ಎರಡು ತಂತಿಗಳಲ್ಲಿ ಒಂದೇ ಸಿಗ್ನಲ್ ವಿರುದ್ಧ ಧ್ರುವತೆಯಲ್ಲಿ ಹರಿಯುತ್ತದೆ, ಒಂದರಲ್ಲಿ ಪ್ಲಸ್ ಆದಾಗ ಇನ್ನೊಂದರಲ್ಲಿ ಮೈನಸ್. ಹುರಿ ಇರುವುದರಿಂದ ಹೊರಗಿನ ಗದ್ದಲ ಎರಡಕ್ಕೂ ಹೆಚ್ಚುಕಡಿಮೆ ಸಮನಾಗಿ ಅಂಟುತ್ತದೆ. ರಿಸೀವರ್ ಎರಡರ ವ್ಯತ್ಯಾಸವನ್ನಷ್ಟೇ ಓದುವುದರಿಂದ ಗದ್ದಲ ಕಳೆದುಹೋಗುತ್ತದೆ. ನಾಲ್ಕು ಜೋಡಿಗಳಿಗೂ ಒಂದೇ ಅಳತೆಯ ಹುರಿ ಹಾಕುವುದಿಲ್ಲ. ಹಾಕಿದರೆ ಅಕ್ಕಪಕ್ಕದ ಜೋಡಿಗಳ ಅದೇ ತಂತಿಗಳು ಉದ್ದಕ್ಕೂ ಹತ್ತಿರವೇ ಉಳಿದು, ಸಿಗ್ನಲ್ ಒಂದರಿಂದೊಂದಕ್ಕೆ ಸೋರುತ್ತದೆ. ಈ ಸೋರಿಕೆಯೇ ಕ್ರಾಸ್‌ಟಾಕ್.

ಇಲ್ಲಿ ಅವಕಾಶ ಎಷ್ಟು ಕಡಿಮೆ ಎಂದು ಲೆಕ್ಕ ಹಾಕಿ. ಕ್ಯಾಟ್ 5ಇ ದರ್ಜೆಯ ಕೇಬಲ್‌ನ ಚಾನೆಲ್‌ನಲ್ಲಿ (ತುದಿಯಿಂದ ತುದಿಯವರೆಗಿನ ಪೂರ್ತಿ ಸಂಪರ್ಕ), 100 ಮೆಗಾಹರ್ಟ್ಸ್‌ಗೆ, ಸಿಗ್ನಲ್ ಗರಿಷ್ಠ 24 ಡೆಸಿಬೆಲ್ ಕುಗ್ಗಬಹುದು. ಹತ್ತಿರದ ತುದಿಯ ಕ್ರಾಸ್‌ಟಾಕ್, ಅಂದರೆ ನೆಕ್ಸ್ಟ್, ಕಳಿಸಿದ ಸಿಗ್ನಲ್‌ಗಿಂತ ಕನಿಷ್ಠ 30.1 ಡೆಸಿಬೆಲ್ ಕೆಳಗಿರಬೇಕು. ಉಳಿಯುವುದು 6.1 ಡೆಸಿಬೆಲ್, ಶಕ್ತಿಯಲ್ಲಿ ಸುಮಾರು ನಾಲ್ಕು ಪಟ್ಟು ಮಾತ್ರ. ಕ್ಯಾಟ್ 6ರಲ್ಲಿ ಅದೇ ಆವರ್ತನಕ್ಕೆ ನೆಕ್ಸ್ಟ್ ಮಿತಿ 39.9.

ಈಗ ಸ್ಪ್ಲಿಟ್ ಪೇರ್. ಪ್ಲಗ್‌ನ 1ರಿಂದ 8ರ ಪಿನ್‌ಗೆ ತಂತಿ ಹಾಕುವ 568ಬಿ ಎಂಬ ಪ್ರಮಾಣಿತ ಬಣ್ಣದ ಕ್ರಮ ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ 3 ಮತ್ತು 6ಕ್ಕೆ ಹೋಗಬೇಕು, ಇದೇ ಎಲ್ಲರೂ ಎಡವುವ ಜಾಗ. ‘ಚೆನ್ನಾಗಿ ಜೋಡಿಸೋಣ’ ಎಂದು ಹಸಿರನ್ನು 3-4ಕ್ಕೆ, ನೀಲಿಯನ್ನು 5-6ಕ್ಕೆ ಎರಡೂ ತುದಿಯಲ್ಲಿ ಹಾಕಿದರೆ ಪಿನ್‌ನಿಂದ ಪಿನ್‌ಗೆ ಸಂಪರ್ಕ ಸರಿಯೇ ಇರುತ್ತದೆ, ಅಗ್ಗದ ಟೆಸ್ಟರ್ ಪಾಸ್ ಎನ್ನುತ್ತದೆ. ಆದರೆ 3-6ರ ಸಿಗ್ನಲ್ ಬೇರೆ ಬೇರೆ ಹುರಿಯ ತಂತಿಗಳಲ್ಲಿ ಹರಿಯುವುದರಿಂದ ಗದ್ದಲ ಕಳೆಯುವುದಿಲ್ಲ. ಗಿಡ್ಡ ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಪ್ಲಗ್ ಇರುವ ತುಂಡು ಕೇಬಲ್) ಹೇಗೋ ಕೆಲಸ ಮಾಡಿಬಿಡಬಹುದು. ಉದ್ದ ಹೆಚ್ಚಿದಂತೆ ಸಿಆರ್‌ಸಿ ದೋಷ (ಡೇಟಾ ಕೆಟ್ಟು ಬಂದದ್ದರ ಎಣಿಕೆ) ಏರುತ್ತದೆ. 100 ಮೆಗಾಬಿಟ್‌ಗೆ ಇಳಿಸಿಯೂ ಪ್ರಯೋಜನವಿಲ್ಲ, ಅದೂ 1-2 ಮತ್ತು 3-6ನ್ನೇ ಬಳಸುತ್ತದೆ. ಎರಡೂ ತುದಿ ಕತ್ತರಿಸಿ ಮತ್ತೆ ಕ್ರಿಂಪ್ ಮಾಡುವುದೇ ದಾರಿ.

ಬಣ್ಣ ಸರಿಯಿದ್ದರೂ ತುದಿಯಲ್ಲಿ ಹುರಿ ಬಿಚ್ಚಿದ್ದು 13 ಮಿಲಿಮೀಟರ್ ಮೀರಬಾರದು. ಹೊರ ಕವಚವನ್ನು ಜ್ಯಾಕ್‌ನ ಹತ್ತಿರದವರೆಗೂ ಉಳಿಸಿ. ಬಾಗು ತ್ರಿಜ್ಯ ಕೇಬಲ್ ದಪ್ಪದ ನಾಲ್ಕು ಪಟ್ಟು ಇರಲಿ, ಎಳೆಯುವ ಬಲ 110 ನ್ಯೂಟನ್ ದಾಟದಿರಲಿ. ಸ್ಥಿರ ಕೇಬಲ್ 90 ಮೀಟರ್, ಪ್ಯಾಚ್ ಕಾರ್ಡ್‌ಗಳೆಲ್ಲ ಸೇರಿ 10.

10 ಗಿಗಾಬಿಟ್‌ಗೆ ಬಂದರೆ ಶತ್ರು ಪಕ್ಕದ ಕೇಬಲ್. ನೆಟ್‌ವರ್ಕ್ ಚಿಪ್ ತಾನು ಕಳಿಸಿದ್ದು ತನಗೆ ಗೊತ್ತಿರುವುದರಿಂದ ಒಳಗಿನ ಕ್ರಾಸ್‌ಟಾಕನ್ನು ಕಳೆಯಬಲ್ಲದು, ಪಕ್ಕದವರದನ್ನು ಕಳೆಯಲಾರದು. ಹಾಗಾಗಿಯೇ 100 ಮೀಟರ್‌ಗೆ ಕ್ಯಾಟ್ 6ಎ ಬೇಕು. ಕ್ಯಾಟ್ 6 ಹೆಚ್ಚೆಂದರೆ 55 ಮೀಟರ್, ಒತ್ತೊತ್ತಾಗಿ ಕಟ್ಟಿದ ಕಂತೆಯಲ್ಲಿ ಅದೂ ಇಲ್ಲ. ಜಿಪ್ ಟೈ ಬಿಗಿಯುವ ಬದಲು ವೆಲ್ಕ್ರೋ ಪಟ್ಟಿ ಸಡಿಲವಾಗಿ ಸುತ್ತಿ.

ನೆಕ್ಸ್ಟನ್ನು ಎರಡೂ ತುದಿಯಿಂದ ಅಳೆಯಿರಿ. ದೂರದ ತುದಿಯ ಕೆಟ್ಟ ಜ್ಯಾಕ್‌ನ ಗದ್ದಲ ಹೋಗಿ ಬರುವಷ್ಟರಲ್ಲಿ ಕುಗ್ಗಿ, ಈ ತುದಿಯ ಅಳತೆಯಲ್ಲಿ ಕಾಣದೆ ಹೋಗಬಹುದು.